ಬಜೆಟ್ ಕೊರತೆ: 2008 ಮತ್ತು 2020 ಕಲಿಸುವ ಪಾಠ

ಸಾಲ ಬಿಟ್ಟು ಬಂದ ಆದಾಯಕ್ಕಿಂತ ಸರ್ಕಾರ ಎಷ್ಟು ಜಾಸ್ತಿ ಖರ್ಚು ಮಾಡಿತೋ ಅಷ್ಟು ವಿತ್ತೀಯ ಕೊರತೆ. ಕೊರತೆಯ ಬಗ್ಗೆ ಬರೆಯುವ ನಾವೆಲ್ಲ ಇದನ್ನು ಸರಿಯಾಗಿ ಬರೆಯುತ್ತೇವೆ. ಆಮೇಲೆ 'ಕೊರತೆ ಕೆಟ್ಟದ್ದು' ಅಂತ ಸುಮ್ನೆ ಸೇರಿಸುತ್ತೇವೆ. ಅಷ್ಟು ಸರಳವಾಗಿಲ್ಲ.

2020-21ರ ಕೇಂದ್ರ ಬಜೆಟ್ ನೋಡಿ. ಅಂದಾಜು ಮಾಡಿದ್ದ ಕೊರತೆ ಜಿಡಿಪಿಯ 3.5%. ಆಗಿದ್ದು ಸುಮಾರು 9.2%. ಲಾಕ್‌ಡೌನ್‌ನಿಂದ ತೆರಿಗೆ ಕುಸಿಯಿತು, ಉಚಿತ ಪಡಿತರದ ಖರ್ಚು ಏರಿತು. ಜಿಡಿಪಿಯೇ ಕುಗ್ಗಿದ್ದರಿಂದ ಶೇಕಡಾವಾರು ಇನ್ನಷ್ಟು ದೊಡ್ಡದಾಗಿ ಕಂಡಿತು. ಹಲವರು ಬಿಟ್ಟುಬಿಡುವ ಇನ್ನೊಂದು ಕಾರಣವಿದೆ: ಪಡಿತರಕ್ಕೆ ಧಾನ್ಯ ಕೊಳ್ಳುವ ಸರ್ಕಾರಿ ಸಂಸ್ಥೆಯಾದ ಭಾರತೀಯ ಆಹಾರ ನಿಗಮದ ಹೆಸರಿನಲ್ಲಿ ಬಜೆಟ್‌ನ ಹೊರಗಿದ್ದ ಹಳೆಯ ಸಾಲವನ್ನೂ ಆ ವರ್ಷ ಲೆಕ್ಕಕ್ಕೆ ತಂದರು. ಅಂದರೆ 9.2%ರಲ್ಲಿ ಎಲ್ಲವೂ ಹೊಸ ಖರ್ಚಲ್ಲ.

ನರೇಗಾವನ್ನು ಗಮನಿಸಿ. ಮೊದಲು ಇಟ್ಟಿದ್ದು 61,500 ಕೋಟಿ ರೂಪಾಯಿ, ಖರ್ಚಾಗಿದ್ದು 1.1 ಲಕ್ಷ ಕೋಟಿ ದಾಟಿತು. ಊರಿಗೆ ಮರಳಿದವರು ಕೆಲಸ ಕೇಳಿದಂತೆ ಹಣವೂ ಹೋಯಿತು. ಕಷ್ಟ ಬಂದಾಗ ತಾನಾಗಿಯೇ ಬೆಳೆಯುವ ಇಂಥ ಖರ್ಚನ್ನೇ ಸ್ವಯಂಚಾಲಿತ ಸ್ಥಿರಕ ಅನ್ನುತ್ತಾರೆ. ಆ ವರ್ಷ ಕೊರತೆ ತಗ್ಗಿಸಲು ಹೋಗಿದ್ದರೆ ಜನರ ಕೈಯಲ್ಲಿ ಹಣವೇ ಇರುತ್ತಿರಲಿಲ್ಲ, ಅಲ್ವಾ?

ಈಗ 2008. ಜಾಗತಿಕ ಬಿಕ್ಕಟ್ಟು ಬಂದಾಗ ಡಿಸೆಂಬರ್‌ನಲ್ಲಿ ಕಾರ್ಖಾನೆ ಸರಕುಗಳ ಮೇಲಿನ ಕೇಂದ್ರ ಅಬಕಾರಿ ಸುಂಕವನ್ನು 4 ಶೇಕಡಾ ಅಂಶದಷ್ಟು ಇಳಿಸಿದರು. ಅದು ಸರಿಯಾದ ಹೆಜ್ಜೆಯೇ. 2007-08ರಲ್ಲಿ ಸುಮಾರು 2.5% ಇದ್ದ ಕೊರತೆ 2009-10ಕ್ಕೆ ಸುಮಾರು 6.5% ಆಯಿತು. ಬೆಳವಣಿಗೆ ಬೇಗ ಚೇತರಿಸಿತು, ಆದರೆ ಖರ್ಚು ಅಷ್ಟು ಬೇಗ ಇಳಿಯಲಿಲ್ಲ. ಬೆಲೆಗಳು ಏರಿದವು. 2013ರ ಆಗಸ್ಟ್‌ನಲ್ಲಿ ಡಾಲರ್ ಬೆಲೆ 68 ರೂಪಾಯಿ ದಾಟಿತು. ಇದಕ್ಕೆ ಕಚ್ಚಾತೈಲವೂ ಅಮೆರಿಕದ ಬಡ್ಡಿ ನೀತಿಯೂ ಕಾರಣ ನಿಜ. ಆದರೂ ಕೊರತೆ ಕಡಿಮೆ ಇದ್ದಿದ್ದರೆ ಪೆಟ್ಟು ಹಗುರವಾಗುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ. 2020ರ ನಂತರ ಇಳಿಕೆ ಮೆಟ್ಟಿಲು ಮೆಟ್ಟಿಲಾಗಿ ನಡೆಯಿತು: 2021-22ರಲ್ಲಿ 6.7%, 2023-24ರಲ್ಲಿ 5.6%, 2024-25ರಲ್ಲಿ 4.8%.

ಕೊರತೆಗೆ ಮಿತಿ ಹಾಕುವ ಕಾನೂನು ಕೇಂದ್ರದಲ್ಲಿ ಬಂದಿದ್ದು 2003ರಲ್ಲಿ. ಕರ್ನಾಟಕ 2002ರಲ್ಲೇ ಇಂಥ ಕಾಯ್ದೆ ಮಾಡಿತ್ತು, ದೇಶದಲ್ಲೇ ಮೊದಲ ರಾಜ್ಯ.

ಕೊನೆಯದಾಗಿ ಬಡ್ಡಿ. ಕೇಂದ್ರದ ಒಟ್ಟು ಖರ್ಚಿನ ಸುಮಾರು ಕಾಲು ಭಾಗ ಬಡ್ಡಿಗೇ ಹೋಗುತ್ತದೆ. ಇದು ಹಳೆಯ ಸಾಲದ ಬಾಬ್ತು, ಈ ವರ್ಷದ ನಿರ್ಧಾರವಲ್ಲ. ಹಾಗಾಗಿ ಒಂದು ಸರ್ಕಾರ ಈ ವರ್ಷ ಎಷ್ಟು ಕೈಬಿಚ್ಚಿ ಖರ್ಚು ಮಾಡಿತು ಅಂತ ನೋಡಬೇಕಾದರೆ ವಿತ್ತೀಯ ಕೊರತೆಯಿಂದ ಬಡ್ಡಿ ಕಳೆದು, ಪ್ರಾಥಮಿಕ ಕೊರತೆಯನ್ನು ನೋಡಿ.