ಹಸುವಿನ ಸ್ಕ್ಯಾನಿಂಗ್ ಕಲಿಯಲು ಎಂ.ವಿ.ಎಸ್ಸಿ. ಮಾಡಲೇಬೇಕೇ?

ಪ್ರಶ್ನೆ: ಅರಸೀಕೆರೆ ಕಡೆ ಪಶುವೈದ್ಯನಾಗಿದ್ದೇನೆ, ಓದಿರುವುದು ಬಿ.ವಿ.ಎಸ್ಸಿ. ಮಾತ್ರ. ಹಸುಗಳ ಸ್ಕ್ಯಾನಿಂಗ್ ಚೆನ್ನಾಗಿ ಕಲಿಯಬೇಕೆಂಬ ಆಸೆ. ಅದಕ್ಕಾಗಿ ಎರಡು ವರ್ಷ ಎಂ.ವಿ.ಎಸ್ಸಿ.ಗೆ (ಪಶುವೈದ್ಯಕೀಯ ಸ್ನಾತಕೋತ್ತರ ಪದವಿ) ಹೋಗಲೇಬೇಕೇ?

ಉತ್ತರ: ಬೇಕಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ಹುದ್ದೆ, ಸಂಶೋಧನೆ ಅಥವಾ ದೊಡ್ಡ ಶಸ್ತ್ರಚಿಕಿತ್ಸೆ ನಿಮ್ಮ ಗುರಿಯಾಗಿದ್ದರೆ ಹೋಗಿ. ಗಬ್ಬ ಪರೀಕ್ಷೆ, ಬೆದೆಗೆ ಬಾರದ ಹಸುಗಳ ತಪಾಸಣೆಗೆ ಬೇಕಾದದ್ದು ಅನುಭವಿಗಳ ಪಕ್ಕ ನಿಂತು ಮಾಡಿದ ಅಭ್ಯಾಸ. ಹಾಸನದ ಪಶುವೈದ್ಯಕೀಯ ಕಾಲೇಜಿನ ಪ್ರಸೂತಿ ವಿಭಾಗದಲ್ಲಿ ಮೊದಲು ವಿಚಾರಿಸಿ.

ಗುದನಾಳದೊಳಗೆ ಕೈ ಹಾಕಿ ಗಬ್ಬ ಹೇಳಲು ಗರ್ಭಧಾರಣೆಯಾದ ಮೇಲೆ ಸಾಮಾನ್ಯವಾಗಿ 45 ರಿಂದ 60 ದಿನ ಕಾಯಬೇಕು. 5 ರಿಂದ 7.5 ಮೆಗಾಹರ್ಟ್ಸ್‌ನ ಲೀನಿಯರ್ ಪ್ರೋಬ್ (ಗುದನಾಳದೊಳಗೆ ಹಿಡಿಯುವ ಸ್ಕ್ಯಾನರ್ ಭಾಗ) ಇದ್ದರೆ 30ನೇ ದಿನಕ್ಕೇ ಹೇಳಬಹುದು: ಕಪ್ಪು ದ್ರವದ ನಡುವೆ ಸುಮಾರು ಒಂದು ಸೆಂಟಿಮೀಟರ್ ಭ್ರೂಣ, ಅದರೊಳಗೆ ಮಿಣುಕುವ ಹೃದಯ. ಸಗಣಿ ಪೂರ್ತಿ ತೆಗೆಯದೆ ಪ್ರೋಬ್ ಇಟ್ಟರೆ, ಇಲ್ಲವೇ ನಡುವೆ ಗಾಳಿ ಸೇರಿದರೆ ಚಿತ್ರವೇ ಮೂಡುವುದಿಲ್ಲ. ಹೊಸಬರು ತುಂಬಿದ ಮೂತ್ರಕೋಶವನ್ನೂ ಗಬ್ಬವೆಂದು ಓದುವುದುಂಟು.

ನಿಜವಾದ ಅಪಾಯ ಇರುವುದು ಗರ್ಭಕೋಶದಲ್ಲಿ ಕೀವು ತುಂಬಿದ ಹಸುವಿನಲ್ಲಿ. ಅಲ್ಲೂ ದ್ರವ ಕಾಣುತ್ತದೆ, ಆದರೆ ಅಚ್ಚ ಕಪ್ಪಲ್ಲ. ಬಿಳಿ ಚುಕ್ಕಿಗಳು ತೇಲುತ್ತಿರುತ್ತವೆ, ಗೋಡೆ ದಪ್ಪಗಿರುತ್ತದೆ, ಭ್ರೂಣ ಇರುವುದಿಲ್ಲ. ಕೀವಿಗೆ ಕೊಡುವ ಪ್ರೊಸ್ಟಾಗ್ಲಾಂಡಿನ್ ಇಂಜೆಕ್ಷನ್ ಗಬ್ಬದ ಹಸುವಿಗೆ ಬಿದ್ದರೆ ಕಂದು ಹಾಕುತ್ತದೆ. ರೈತನ ಒಂದು ಸೂಲೇ ಹಿಂದೆ ಬೀಳುತ್ತದೆ. ಅನುಮಾನವಿದ್ದರೆ ಇಂಜೆಕ್ಷನ್ ಬೇಡ, ಹತ್ತು ದಿನ ಬಿಟ್ಟು ಮತ್ತೆ ನೋಡಿ.

ಬರೀ ತರಬೇತಿಯಿಂದ ಕಣ್ಣು ಪಳಗುವುದಿಲ್ಲ. ಪ್ರತಿ ಹಸುವಿಗೂ ಕೃತಕ ಗರ್ಭಧಾರಣೆ ಮಾಡಿದ ದಿನಾಂಕ, ಸ್ಕ್ಯಾನ್ ಮಾಡಿದ ದಿನ, ನೀವು ಹೇಳಿದ್ದು, ಕೊನೆಗೆ ಆದದ್ದು ಎಲ್ಲವನ್ನೂ ಬರೆದಿಡಿ. 30ನೇ ದಿನ ಗಬ್ಬವೆಂದವನ್ನು 60ಕ್ಕೆ ಮತ್ತೆ ನೋಡಲೇಬೇಕು, ಏಕೆಂದರೆ ನಡುವೆ ಕೆಲವು ಭ್ರೂಣಗಳು ತಾವಾಗಿಯೇ ಸಾಯುತ್ತವೆ. ಆಗ ತಪ್ಪಿದ್ದು ನೀವು ಸ್ಕ್ಯಾನ್ ಓದಿದ್ದಲ್ಲ.

ಅಭ್ಯಾಸ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ದೊಡ್ಡ ಹಸುಗಳಲ್ಲೇ ಶುರುವಾಗಲಿ. ಸಕಲೇಶಪುರ, ಮೂಡಿಗೆರೆ ಕಡೆಯ ಸಣ್ಣ ಗಾತ್ರದ ನಾಟಿ ತಳಿ ಮಲೆನಾಡು ಗಿಡ್ಡದ ಗುದನಾಳ ಬಹಳ ಕಿರಿದು, ಒತ್ತಾಯಿಸಿ ಕೈ ಹಾಕಿದರೆ ಹರಿಯುತ್ತದೆ. ಅವಕ್ಕೆ ಪ್ರೋಬನ್ನು ಉದ್ದನೆಯ ಹಿಡಿಕೆಗೆ ಸಿಕ್ಕಿಸಿ, ಜೆಲ್ ಧಾರಾಳವಾಗಿ ಹಚ್ಚಿ ಒಳಗೆ ಬಿಡುವುದೇ ಸರಿ.