ಹಳೇ ಗಿಟಾರಿನ ಹೊಸ ಪ್ರತಿ: ಕೊಳ್ಳುವ ಮುಂಚೆ ಒಳಗೆ ಕೈ ಹಾಕಿ ನೋಡಿ

ಮೂರು ಶನಿವಾರದಿಂದ ಒಂದೇ ಗಿಟಾರ್ ನೋಡಲು ಹೋಗುತ್ತಿದ್ದೇನೆ. ಬೆಂಗಳೂರಿನ ಒಂದು ಅಂಗಡಿಯ ಒಳಕೋಣೆಯಲ್ಲಿ ಅದನ್ನು ತೂಗುಹಾಕಿದ್ದಾರೆ. ತಯಾರಾಗಿ ಎರಡು ವರ್ಷವೂ ಆಗಿಲ್ಲ. ಆದರೂ ಕಂಡವರಿಗೆ ಅಜ್ಜನ ಕಾಲದ್ದು ಅನಿಸುತ್ತದೆ. ಮೇಲ್ಹಲಗೆಗೆ ಜೇನಿನ ಬಣ್ಣ. ಅಂಚಿನ ಸುತ್ತ ಮೀನಿನ ಮೂಳೆಯ ಹಾಗೆ ಹೆಣೆದ ಕಪ್ಪು ಬಿಳುಪು ಪಟ್ಟಿ. ಮಾರ್ಟಿನ್ ಕಂಪನಿಯ 1937ರ ಡಿ-28 ಗಿಟಾರನ್ನು ಅನುಸರಿಸಿ ಮಾಡಿದ್ದು ಅಂತ ಚೀಟಿ ಹೇಳುತ್ತದೆ. ಬೆಲೆ ನನ್ನ ಸ್ಕೂಟರಿಗಿಂತ ಎಷ್ಟೋ ಜಾಸ್ತಿ. ಇಷ್ಟು ದುಡ್ಡು ಯಾವುದಕ್ಕೆ ಕೊಡುತ್ತಿದ್ದೇನೆ ಎಂದು ತಿಳಿಯದೆ ಕೊಡಲು ಮನಸ್ಸು ಒಪ್ಪುತ್ತಿಲ್ಲ. ಅದಕ್ಕೇ ಓದಿದೆ, ಅಳೆದೆ, ಬಲ್ಲವರನ್ನು ಕೇಳಿದೆ.

ಕಥೆ ಹೆಚ್ಚಾಗಿ ನಡೆಯುವುದು ಅಮೆರಿಕದ ಪೆನ್ಸಿಲ್ವೇನಿಯಾದ ನಜರೆತ್ ಎಂಬ ಊರಲ್ಲಿ. ಮಾರ್ಟಿನ್ ಕುಟುಂಬ ಗಿಟಾರ್ ಮಾಡಲು ತೊಡಗಿದ್ದು 1833ರಲ್ಲಿ, ನ್ಯೂಯಾರ್ಕ್‌ನಲ್ಲಿ. ಕೆಲವೇ ವರ್ಷಗಳಲ್ಲಿ ನಜರೆತ್‌ಗೆ ಬಂದು ನೆಲೆಸಿತು. ಇವತ್ತು ನಾವು ಎಲ್ಲೆಲ್ಲೂ ಕಾಣುವ ಅಗಲ ಹೊಟ್ಟೆಯ, ಕಡಿಮೆ ಸೊಂಟದ ಗಿಟಾರಿಗೆ ಡ್ರೆಡ್‌ನಾಟ್ ಎಂದು ಹೆಸರು. ಅದು 1906ರ ಒಂದು ಬ್ರಿಟಿಷ್ ಯುದ್ಧನೌಕೆಯ ಹೆಸರು. ಈ ಆಕಾರದ ಗಿಟಾರನ್ನು ಮಾರ್ಟಿನ್ ಮೊದಲು ಮಾಡಿದ್ದು 1916ರಲ್ಲಿ, ಬೇರೊಂದು ಕಂಪನಿಗಾಗಿ. ತನ್ನ ಸ್ವಂತ ಹೆಸರಿನಲ್ಲಿ ಮಾರತೊಡಗಿದ್ದು 1931ರಲ್ಲಿ. 1934ರಿಂದ 1944ರವರೆಗಿನ ಡಿ-28 ಗಿಟಾರುಗಳನ್ನು ಬಲ್ಲವರು ಇವತ್ತಿಗೂ ಚಿನ್ನದಂತೆ ಕಾಣುತ್ತಾರೆ.

ಇಲ್ಲೊಂದು ವಿಚಿತ್ರವಿದೆ. ಆ ಗಿಟಾರುಗಳ ದನಿಗೆ ಕಾರಣವಾದ ಅಂಶವನ್ನು 1944ರ ಕೊನೆಯಲ್ಲಿ ಮಾರ್ಟಿನ್ ಕಂಪನಿಯೇ ಕೈಬಿಟ್ಟಿತು. ತೊಂದರೆ ಕೊಡುತ್ತದೆ ಅಂತಲೇ ಬಿಟ್ಟಿದ್ದು. ಆಮೇಲೆ 1976ರಲ್ಲಿ ಎಚ್‌ಡಿ-28 ಎಂಬ ಮಾದರಿಯಲ್ಲಿ ಅದನ್ನೇ ವಾಪಸ್ ತಂದಿತು. ಆ ತೊಂದರೆ ಏನು ಅನ್ನುವುದು ಅರ್ಥವಾದರೆ ಇಂಥ ಗಿಟಾರನ್ನು ಪರೀಕ್ಷಿಸುವ ದಾರಿಯೂ ತಾನೇ ತೆರೆದುಕೊಳ್ಳುತ್ತದೆ.

ಹಲಗೆಯಿಲ್ಲದೆ ಗಿಟಾರಿನ ತಂತಿ ಮಾತ್ರ ಇದ್ದರೆ ಅದರ ಸದ್ದು ನಮಗೆ ಸರಿಯಾಗಿ ಕೇಳಿಸುವುದೇ ಇಲ್ಲ. ತಂತಿ ತೆಳು. ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ತಳ್ಳುವುದಿಲ್ಲ. ಗಾಳಿಯನ್ನು ತಳ್ಳುವ ಕೆಲಸ ಮೇಲ್ಹಲಗೆಯದ್ದು. ಅದರ ದಪ್ಪ ಸುಮಾರು 3 ಮಿಲಿಮೀಟರ್, ಎರಡು ಒಂದು ರೂಪಾಯಿ ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಇಷ್ಟು ತೆಳು ಹಲಗೆಯನ್ನು ಆರು ಉಕ್ಕಿನ ತಂತಿಗಳು ಒಟ್ಟು 75 ಕೆಜಿಯಷ್ಟು ಬಲದಿಂದ ಎಳೆಯುತ್ತಿರುತ್ತವೆ, ಹಗಲೂ ರಾತ್ರಿ. ಒಬ್ಬ ದೊಡ್ಡ ಮನುಷ್ಯ ಜೋತುಬಿದ್ದಷ್ಟು ಭಾರ ಅಲ್ವಾ? ಹಲಗೆ ಮಡಚಿಕೊಳ್ಳದಿರಲಿ ಅಂತ ಅದರ ಒಳಮೈಗೆ ಮರದ ಪಟ್ಟಿಗಳನ್ನು ಅಂಟಿಸುತ್ತಾರೆ. ಇದಕ್ಕೆ ಬ್ರೇಸಿಂಗ್ ಎನ್ನುತ್ತಾರೆ. ಎರಡು ಮುಖ್ಯ ಪಟ್ಟಿಗಳು ಗುಣಾಕಾರ ಚಿಹ್ನೆಯ ಹಾಗೆ ಒಂದನ್ನೊಂದು ದಾಟುತ್ತವೆ.

1937ರ ಗಿಟಾರಿನಲ್ಲಿ ಈ ಪಟ್ಟಿಗಳನ್ನು ನಡುವೆ ಕೆತ್ತಿ ಇಳಿಸಿರುತ್ತಿದ್ದರು. ಎರಡು ಕಂಬದ ನಡುವೆ ಜೋತುಬಿದ್ದ ಕರೆಂಟ್ ವೈರಿನ ಆಕಾರ ನೆನಪಿಸಿಕೊಳ್ಳಿ, ಹಾಗೆ. ಇದಕ್ಕೆ ಸ್ಕ್ಯಾಲಪ್ ಮಾಡುವುದು ಎಂದು ಹೆಸರು. ಸ್ವಲ್ಪ ಮರ ಕೆತ್ತಿದರೆ ಏನು ಮಹಾ ವ್ಯತ್ಯಾಸ ಅಂತ ನನಗೂ ಅನಿಸಿತ್ತು. ಮಕ್ಕಳ ಮರದ ಸ್ಕೇಲ್ ಒಂದನ್ನು ತೆಗೆದುಕೊಂಡು ನೋಡಿ. ಅಡ್ಡಲಾಗಿ ಹಿಡಿದರೆ ಸುಲಭವಾಗಿ ಬಾಗುತ್ತದೆ. ಅಂಚಿನ ಮೇಲೆ ನಿಲ್ಲಿಸಿ ಬಾಗಿಸಲು ಹೋದರೆ ಜಗ್ಗುವುದಿಲ್ಲ. ಮನೆಯ ಜಂತೆಗಳನ್ನು ನಿಲ್ಲಿಸಿ ಕೂರಿಸುವುದೂ ಇದೇ ಕಾರಣಕ್ಕೆ. ಪಟ್ಟಿಯ ಬಿಗಿ ಅದರ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ. ಎತ್ತರ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟು. ಇಳಿಸಿದಾಗಲೂ ಇದೇ ಲೆಕ್ಕ. 10 ಮಿಲಿಮೀಟರ್ ಎತ್ತರದ ಪಟ್ಟಿಯನ್ನು 8ಕ್ಕೆ ಇಳಿಸಿದರೆ ತೂಕ ಐದನೇ ಒಂದು ಭಾಗ ಕಡಿಮೆಯಾಗುತ್ತದೆ. ಬಿಗಿ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ. ಉಳಿಯಿಂದ ಎರಡು ಮಿಲಿಮೀಟರ್ ತೆಗೆದರೆ ಇಷ್ಟು ಬದಲಾವಣೆ!

ಬಿಗಿ ಇಳಿದ ಹಲಗೆ ಸಣ್ಣ ಮೀಟಿಗೂ ಎದ್ದು ಕುಣಿಯುತ್ತದೆ. ಕೆಳಸ್ವರಗಳು ತುಂಬಿಕೊಂಡು ಬರುತ್ತವೆ. 1937ರ ದನಿಯ ಗುಟ್ಟು ಬಹುಪಾಲು ಇಲ್ಲೇ ಇದೆ. ಆದರೆ ಆ ಕಾಲದ ವಾದಕರು ದಪ್ಪ ತಂತಿ ಹಾಕತೊಡಗಿದರು. ತಂತಿಗಳನ್ನು ಹಲಗೆಗೆ ಹಿಡಿದಿಡುವ ಮರದ ತುಂಡಿಗೆ ಬ್ರಿಡ್ಜ್ ಎನ್ನುತ್ತಾರೆ. ಅದರ ಹಿಂದೆ ಹಲಗೆಗಳು ಉಬ್ಬಿದವು. ಮಾರ್ಟಿನ್ 1938-39ರ ಸುಮಾರಿಗೆ ಪಟ್ಟಿಗಳು ಸೇರುವ ಜಾಗವನ್ನು ಬ್ರಿಡ್ಜಿನ ಕಡೆಗೆ ಸರಿಸಿತು. ಅದೂ ಸಾಲದೆ 1944ರಲ್ಲಿ ಕೆತ್ತುವುದನ್ನೇ ನಿಲ್ಲಿಸಿತು.

ಹಾಗಾದರೆ ಇವತ್ತಿನ ಪ್ರತಿ ಯಾಕೆ ಉಬ್ಬುವುದಿಲ್ಲ? ತಪ್ಪು ತಂತಿ ಹಾಕಿದರೆ ಅದೂ ಉಬ್ಬುತ್ತದೆ. ಈಗ ಹೆಚ್ಚಿನವರು ಬಳಸುವುದು ಲೈಟ್ ತಂತಿ, ಅತಿ ತೆಳು ತಂತಿಯ ದಪ್ಪ ಇಂಚಿನ ಸಾವಿರದಲ್ಲಿ 12 ಭಾಗದಿಂದ ಶುರುವಾಗುವ ಸೆಟ್. ಮೇಲೆ ಹೇಳಿದ 75 ಕೆಜಿ ಅದರ ಲೆಕ್ಕ. 13ರಿಂದ ಶುರುವಾಗುವ ಮೀಡಿಯಂ ಸೆಟ್ ಹಾಕಿದರೆ ಎಳೆತ ಇನ್ನೂ ಸುಮಾರು 10 ಕೆಜಿ ಏರುತ್ತದೆ. ಅಂಗಡಿಯವರನ್ನು ನಾನು ಕೇಳಿದ ಮೊದಲ ಪ್ರಶ್ನೆಯೇ ಇದು: ತಯಾರಕರು ಯಾವ ತಂತಿಗೆ ಒಪ್ಪಿಗೆ ಕೊಟ್ಟಿದ್ದಾರೆ? ಎರಡನೆಯದಾಗಿ, ತಂತಿ ಸಡಿಲಿಸಿ ಒಳಗೆ ಕೈ ಹಾಕಬಹುದೇ ಅಂತ ಕೇಳಿದೆ. ಒಪ್ಪಿದರು. ಬೆರಳಿಗೆ ಪಟ್ಟಿಯ ಇಳಿಜಾರು ಸ್ಪಷ್ಟವಾಗಿ ಸಿಕ್ಕಿತು. ಹೊರಗೆ ಹಳೇ ಕಾಲದ ಅಲಂಕಾರ ಮಾಡಿ ಒಳಗೆ ಗಟ್ಟಿ ನೇರ ಪಟ್ಟಿ ಇಟ್ಟ ಗಿಟಾರುಗಳೂ ಇವೆ. ಅವು ಕೆಟ್ಟವು ಎಂದೇನಲ್ಲ. ಆದರೆ ಹಳೇ ದನಿಯ ಆಸೆಯಿಂದ ಅವಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ಇನ್ನೊಂದು ವಿಷಯ. ತಂತಿಯನ್ನು ಮೀಟಿದಾಗ ನಾವು ಅದಕ್ಕೆ ಕೊಡುವ ಶಕ್ತಿ ಇಷ್ಟೇ ಅಂತ ಇರುತ್ತದೆ. ಹಗುರ ಹಲಗೆ ಅದನ್ನು ಬೇಗ ಸದ್ದಾಗಿಸಿ ಖರ್ಚು ಮಾಡುತ್ತದೆ. ಸದ್ದು ಜೋರು, ಆದರೆ ಬೇಗ ಇಳಿಯುತ್ತದೆ. ಬಿಗಿ ಹಲಗೆ ನಿಧಾನವಾಗಿ ಖರ್ಚು ಮಾಡುತ್ತದೆ. ಸದ್ದು ಕಡಿಮೆ, ಆದರೆ ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ. ಹಾಡಿನ ಜೊತೆ ರಿದಮ್ ನುಡಿಸುವವರಿಗೆ ಮೊದಲನೆಯದು ಹಿತ. ಬೆರಳಲ್ಲಿ ಒಂದೊಂದೇ ಸ್ವರ ಬಿಡಿಸುವವರಿಗೆ ಎರಡನೆಯದು ಇಷ್ಟವಾಗಬಹುದು. ಎರಡೂ ಒಟ್ಟಿಗೆ ಬೇಕೆಂದರೆ ಭೌತವಿಜ್ಞಾನ ಒಪ್ಪುವುದಿಲ್ಲ.

ಈಗ ಹಿಂಬದಿ ಮತ್ತು ಪಕ್ಕದ ಮರಕ್ಕೆ ಬರೋಣ. ನನಗೆ ಅತಿ ಹತ್ತಿರದ ಭಾಗ ಇದು. 1937ರ ಡಿ-28 ಗಿಟಾರಿನಲ್ಲಿ ಇದ್ದದ್ದು ಬ್ರೆಜಿಲ್‌ನ ರೋಸ್‌ವುಡ್. ಬ್ರೆಜಿಲ್ ದಿಮ್ಮಿಗಳ ರಫ್ತಿಗೆ ತಡೆ ಹಾಕಿದ ಮೇಲೆ, 1969ರಲ್ಲಿ, ಮಾರ್ಟಿನ್ ಭಾರತದ ರೋಸ್‌ವುಡ್ಡಿಗೆ ಬದಲಾಯಿತು. ಅಂದರೆ ನಮ್ಮ ಬೀಟೆ. ಕೊಡಗು, ಮಲೆನಾಡಿನ ಕಾಡುಗಳಲ್ಲಿ, ಕಾಫಿ ತೋಟದ ನೆರಳಿನಲ್ಲಿ ನಿಂತಿರುವ ಅದೇ ಬೀಟೆ. ಮೈಸೂರಿನ ಕುಸುರಿ ಕೆಲಸದ ಪೆಟ್ಟಿಗೆ, ಫಲಕಗಳಿಗೆ ಬಳಸುವ ಅದೇ ಕಪ್ಪು ನೇರಳೆ ಮರ. ಒಣಗಿದ ಬೀಟೆ ಹಲಗೆಯನ್ನು ಎರಡು ಬೆರಳಲ್ಲಿ ಹಿಡಿದು ತಟ್ಟಿದರೆ ಗಂಟೆಯ ಹಾಗೆ ಟಣ್ ಎನ್ನುತ್ತದೆ. ಕಂಪನವನ್ನು ಅದು ಬೇಗ ನುಂಗುವುದಿಲ್ಲ.

ಆದರೂ ಗಿಟಾರ್ ಲೋಕದಲ್ಲಿ ಐವತ್ತು ವರ್ಷಗಳಿಂದ ಒಂದು ಮಾತು ಓಡಾಡುತ್ತಿದೆ. ಬ್ರೆಜಿಲ್ ಮರವೇ ನಿಜವಾದದ್ದು, ಭಾರತದ್ದು ಬರೀ ಬದಲಿ ಅಂತ. ಇದನ್ನು ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷೆಗೆ ಇಟ್ಟರು. ರೋಜರ್ ಬಕ್‌ನಲ್ ಎಂಬ ಅನುಭವಿ ತಯಾರಕರು ಒಂದೇ ಅಚ್ಚಿನ ಆರು ಗಿಟಾರ್ ಮಾಡಿಕೊಟ್ಟರು. ಹಿಂಬದಿ ಮತ್ತು ಪಕ್ಕದ ಮರ ಮಾತ್ರ ಬೇರೆ ಬೇರೆ: ಬ್ರೆಜಿಲ್ ರೋಸ್‌ವುಡ್, ಬೀಟೆ, ಮಹಾಗನಿ, ಮೇಪಲ್, ಸಪೆಲೆ, ವಾಲ್‌ನಟ್. 52 ಮಂದಿ ವಾದಕರು ಮಂದ ಬೆಳಕಿನ ಕೋಣೆಯಲ್ಲಿ, ವೆಲ್ಡಿಂಗ್ ಮಾಡುವವರ ಕಪ್ಪು ಕನ್ನಡಕ ಹಾಕಿಕೊಂಡು ನುಡಿಸಿ ಅಂಕ ಕೊಟ್ಟರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಆರೂ ಗಿಟಾರಿಗೆ ಬಂದ ಅಂಕ ಹೆಚ್ಚುಕಡಿಮೆ ಒಂದೇ. ದುಬಾರಿ ಮರ ಮುಂದೆ ಬರಲಿಲ್ಲ. ಅಗ್ಗದ ಮರ ಹಿಂದೆ ಬೀಳಲಿಲ್ಲ.

ಇದನ್ನು ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಬೀಟೆ ಬರೀ ಬದಲಿ ಎಂಬ ಮಾತಿಗೆ ಆಧಾರ ಸಿಗಲಿಲ್ಲವಲ್ಲ. ಜೊತೆಗೆ ಒಂದು ಹೊಣೆಯೂ ನೆನಪಾಯಿತು. ಮಹಾಗನಿ, ವಾಲ್‌ನಟ್ ಕೂಡ ಅಷ್ಟೇ ಚೆನ್ನಾಗಿ ನುಡಿಯುತ್ತವೆ ಎಂದಾದರೆ ಬೀಟೆಯ ಮೇಲೇ ಇಷ್ಟು ಒತ್ತಡ ಹಾಕಬೇಕಿಲ್ಲ. ಅದು ಬೆಳೆಯುವುದು ಬಲು ನಿಧಾನ. ಈಗ ಅದು ಅಪಾಯದಂಚಿನ ಮರಗಳ ಪಟ್ಟಿಯಲ್ಲಿದೆ. ಬ್ರೆಜಿಲ್ ರೋಸ್‌ವುಡ್ ಅಂತೂ 1992ರಿಂದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಹೆಚ್ಚುಕಡಿಮೆ ಮುಚ್ಚಿದ ಬಾಗಿಲು. ಅಮೆರಿಕದಲ್ಲಿ ಅಂಥದ್ದೊಂದನ್ನು ಕೊಂಡು ಊರಿಗೆ ತರುವ ಯೋಚನೆ ಇದ್ದವರು ಕಾಗದಪತ್ರ ಸರಿಯಾಗಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಬೀಟೆಯ ಗಿಟಾರಿಗೆ ಈ ತಲೆನೋವು ಕಡಿಮೆ. ಅಂಥ ಸಿದ್ಧ ವಾದ್ಯಗಳಿಗೆ 2019ರಿಂದ ವಿನಾಯಿತಿ ಇದೆ.

ಚೀಟಿಯಲ್ಲಿ ಇನ್ನೊಂದು ಪದವಿತ್ತು: ಟಾರಿಫೈಡ್. ಅಂದರೆ ಹುರಿದ ಮರ. ಕಾಫಿ ಬೀಜ ಹುರಿದಂತೆಯೇ, ಆದರೆ ಆಮ್ಲಜನಕ ಇಲ್ಲದ ಒಲೆಯಲ್ಲಿ. ಸುಮಾರು 200 ಡಿಗ್ರಿ ಆಸುಪಾಸಿನ ಶಾಖಕ್ಕೆ ಮರ ಕಂದುಬಣ್ಣಕ್ಕೆ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಮರದೊಳಗೆ ಹೆಮಿಸೆಲ್ಯುಲೋಸ್ ಎಂಬ ವಸ್ತುವಿದೆ. ನೀರನ್ನು ಹೀರಿ ಹಿಡಿದಿಡುವುದರಲ್ಲಿ ಅದರ ಪಾಲು ದೊಡ್ಡದು. ಹಳೇ ಗಿಟಾರುಗಳಲ್ಲಿ ದಶಕಗಳ ಕಾಲ ಅದು ಮೆಲ್ಲಗೆ ಒಡೆಯುತ್ತದೆ. ಹುರಿದಾಗ ಗಂಟೆಗಳಲ್ಲೇ ಒಡೆಯುತ್ತದೆ. ಮರ ಹಗುರವಾಗುತ್ತದೆ, ತೇವಕ್ಕೆ ಅಷ್ಟಾಗಿ ಉಬ್ಬುವುದಿಲ್ಲ. ನಮ್ಮ ಮಳೆಗಾಲಕ್ಕೆ ಇದು ದೊಡ್ಡ ಲಾಭ. ಹಾಗಂತ ಎಂಬತ್ತು ವರ್ಷ ಬಾರಿಸಿದ ಗಿಟಾರಿಗೆ ಇದು ಸಮ ಎನ್ನುವ ಜಾಹೀರಾತನ್ನು ಪೂರ್ತಿ ನಂಬಬೇಕಿಲ್ಲ. ಹುರಿದ ಮರ ಸ್ವಲ್ಪ ಪೆಡಸೂ ಆಗುತ್ತದೆ. ಪೆಟ್ಟು ಬಿದ್ದರೆ ಬೇಗ ಸೀಳುತ್ತದೆ.

ಹಳೇ ಗಿಟಾರುಗಳ ಬಗ್ಗೆ ಮಾತಾಡುವಾಗ ನಾವು ಒಂದನ್ನು ಮರೆಯುತ್ತೇವೆ. 1930ರ ದಶಕದಲ್ಲಿ ಮಾಡಿದ ಎಲ್ಲ ಗಿಟಾರೂ ಚೆನ್ನಾಗಿರಲಿಲ್ಲ. ಉಬ್ಬಿದ್ದು, ಸೀಳಿದ್ದು, ದನಿಯೇ ಇಲ್ಲದ್ದು ಎಲ್ಲ ಅಟ್ಟ ಸೇರಿ ಒಲೆಗೆ ಹೋದವು. ಜನ ಜೋಪಾನ ಮಾಡಿದ್ದು ಚೆನ್ನಾಗಿ ನುಡಿದದ್ದನ್ನು. ಇವತ್ತು ನಮಗೆ ಕೇಳಸಿಗುವುದು ಅವೇ.

ಪ್ರಾಣಿಗಳ ಚರ್ಮದಿಂದ ತೆಗೆದ ಅಂಟು, ನೈಟ್ರೋಸೆಲ್ಯುಲೋಸ್ ಮೆರುಗು ಇವೂ ಚೀಟಿಯಲ್ಲಿವೆ. ಮೆರುಗು ತೆಳುವಾಗಿದ್ದಷ್ಟೂ ಹಲಗೆಗೆ ಹೊರೆ ಕಡಿಮೆ, ಅದು ಸರಿ. ಅಂಟಿಗಾಗಿ ನಾನು ಜಾಸ್ತಿ ದುಡ್ಡು ಕೊಡಲಾರೆ.

ಅದಕ್ಕಿಂತ ನೆಕ್, ಅಂದರೆ ಎಡಗೈಯಲ್ಲಿ ಹಿಡಿಯುವ ಉದ್ದನೆಯ ಕತ್ತು, ಮುಖ್ಯ. ದನಿ ಎಷ್ಟೇ ಚೆನ್ನಾಗಿದ್ದರೂ ಬೆರಳು ನೋಯುವ ಗಿಟಾರ್ ಮನೆಯಲ್ಲಿ ಮೂಲೆ ಸೇರುತ್ತದೆ. ನಾನು ಒಂದು ಉಕ್ಕಿನ ಸ್ಕೇಲ್ ಒಯ್ದಿದ್ದೆ. ಅದನ್ನು ಫ್ರೆಟ್‌ಗಳ, ಅಂದರೆ ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿಗಳ, ಮೇಲೆ ಉದ್ದಕ್ಕೆ ಇಟ್ಟು ಮುಂದಕ್ಕೆ ಸರಿಸಿದರೆ ತುದಿ ಬ್ರಿಡ್ಜಿನ ನೆತ್ತಿಯನ್ನು ಸವರುವಂತಿರಬೇಕು. ಬ್ರಿಡ್ಜಿನ ಎದೆಗೆ ಬಂದು ಗುದ್ದಿದರೆ ನೆಕ್ ಮುಂದಕ್ಕೆ ಬಾಗಿದೆ ಎಂದರ್ಥ. ಅದನ್ನು ಬಿಚ್ಚಿ ಕೂರಿಸುವುದು ದುಬಾರಿ ಕೆಲಸ. 12ನೇ ಫ್ರೆಟ್ ಮೇಲೆ ದಪ್ಪ ತಂತಿಯ ಎತ್ತರ ಸುಮಾರು 2.4 ಮಿಲಿಮೀಟರ್, ತೆಳು ತಂತಿಯದು 1.8ರ ಹತ್ತಿರ ಇದ್ದರೆ ಒಳ್ಳೆಯದು. ಇದು ಸರಿ ಇದ್ದು, ಬ್ರಿಡ್ಜಿನ ಮೇಲೆ ತಂತಿಗಳನ್ನು ಹೊರುವ ಬಿಳಿ ಪಟ್ಟಿ, ಅಂದರೆ ಸ್ಯಾಡಲ್, ಆಗಲೇ ತೀರಾ ತಗ್ಗಿದ್ದರೆ ಅನುಮಾನಪಡಿ. ಮುಂದೆ ತಂತಿ ಇಳಿಸಲು ಜಾಗವೇ ಉಳಿದಿಲ್ಲ. ಇನ್ನೊಂದು ಮಾತು. ಮಾರ್ಟಿನ್ ನೆಕ್ಕಿನೊಳಗೆ ತಿರುಗಿಸಬಹುದಾದ ಸರಳು ಬಂದಿದ್ದು 1985ರಲ್ಲಿ. ಅದಕ್ಕೂ ಮುಂಚೆ ಇದ್ದದ್ದು ಅಲ್ಲಾಡದ ಉಕ್ಕು. ಹಳೆಯದನ್ನು ಚಾಚೂ ತಪ್ಪದೆ ಅನುಸರಿಸುವ ಕೆಲವು ಪ್ರತಿಗಳಲ್ಲಿ ಈಗಲೂ ಅದೇ ಇರುತ್ತದೆ. ನೆಕ್ ಬಾಗಿದರೆ ಕೀಲಿ ತಿರುಗಿಸಿ ಸರಿಮಾಡಲು ಆಗುವುದಿಲ್ಲ. ಕೊಳ್ಳುವ ಮುಂಚೆ ಕೇಳಿ.

ಹವೆಯ ಮಾತು ಆಡದೆ ಇದು ಮುಗಿಯುವುದಿಲ್ಲ. ಗಿಟಾರಿಗೆ ಹಿತವಾದ ತೇವಾಂಶ ಶೇಕಡ 45ರಿಂದ 55. ಮಾರ್ಚ್ ಮಧ್ಯಾಹ್ನದ ಬೆಂಗಳೂರು ಇದಕ್ಕಿಂತ ಎಷ್ಟೋ ಒಣ. ಜುಲೈನ ಮಂಗಳೂರು ಇದಕ್ಕಿಂತ ಎಷ್ಟೋ ಒದ್ದೆ. ಮರ ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ, ಅಡ್ಡಕ್ಕೆ ಜಾಸ್ತಿ. ಮೇಲ್ಹಲಗೆ ಅಡ್ಡಕ್ಕೆ ಸುಮಾರು 40 ಸೆಂಟಿಮೀಟರ್ ಇದೆ, ಅಂಚೆಲ್ಲ ಅಂಟಿಕೊಂಡಿದೆ. ಹಿಗ್ಗಲು ಜಾಗವಿಲ್ಲದೆ ಮೇಲಕ್ಕೆ ಉಬ್ಬುತ್ತದೆ, ತಂತಿ ಎತ್ತರವಾಗುತ್ತದೆ. ಒಣಗಿದರೆ ಕುಗ್ಗುತ್ತದೆ, ತಾಳಲಾರದೆ ಸೀಳುತ್ತದೆ. ಚಳಿಗಾಲದಲ್ಲಿ ಹೀಟರ್ ಹಾಕಿಕೊಂಡು ಕೂರುವ ಅಮೆರಿಕದ ಕನ್ನಡಿಗರಿಗೆ ಈ ಸೀಳು ಗೊತ್ತಿರುತ್ತದೆ. ನನ್ನ ಮೊದಲ ಗಿಟಾರ್ ಹೀಗೇ ಒಂದು ಬೇಸಿಗೆಯಲ್ಲಿ, ಬ್ರಿಡ್ಜಿನಿಂದ ಕೆಳಕ್ಕೆ ಸೀಳಿತು. ರಾತ್ರಿ ಟಪ್ ಎಂದ ಸದ್ದು ಇನ್ನೂ ಕಿವಿಯಲ್ಲಿದೆ.

ಕಳೆದ ಶನಿವಾರ ಗೆಳೆಯನನ್ನು ಕರೆದುಕೊಂಡು ಹೋದೆ. ನಾನು ಗೋಡೆಯ ಕಡೆ ತಿರುಗಿ ಕೂತೆ. ಅವನು ಈ ಗಿಟಾರನ್ನೂ, ಅದೇ ಆಕಾರದ ಒಂದು ಮಹಾಗನಿ ಗಿಟಾರನ್ನೂ ಹೆಸರು ಹೇಳದೆ ನುಡಿಸಿದ. ಒಂದೇ ರಾಗ, ತಂತಿ ಮೀಟಲು ಒಂದೇ ಪ್ಲೆಕ್ಟ್ರಮ್. ಆರು ಸಲ ಕೇಳಿಸಿಕೊಂಡು ಇಷ್ಟವಾದದ್ದನ್ನು ಆರಿಸಿದೆ. ನಾಲ್ಕು ಸಲ ಮಹಾಗನಿಯನ್ನು ಹೇಳಿದ್ದೆ. ಅದರ ಬೆಲೆ ಅರ್ಧಕ್ಕಿಂತ ಕಡಿಮೆ. ಒಳಗೆ ಕೈ ಹಾಕಿದರೆ ಅದರ ಪಟ್ಟಿಗಳನ್ನೂ ಕೆತ್ತಿ ಇಳಿಸಿದ್ದಾರೆ.

ಆರರಲ್ಲಿ ನಾಲ್ಕು ಅಂದರೆ ನಾಣ್ಯ ಚಿಮ್ಮಿದರೂ ಬರುವ ಲೆಕ್ಕ, ಅದು ನನಗೆ ಗೊತ್ತು. ಅದಕ್ಕೇ ಈ ಶನಿವಾರ ಮತ್ತೆ ಹೋಗುತ್ತೇವೆ, ಇಪ್ಪತ್ತು ಸಲ ಕೇಳಲು. ಅಂಗಡಿಯವರು ಒಪ್ಪಿದ್ದಾರೆ. ಬೆಳಿಗ್ಗೆ ಹತ್ತಕ್ಕೇ ಬನ್ನಿ, ಆಗ ಗಿರಾಕಿಗಳು ಇರುವುದಿಲ್ಲ ಎಂದಿದ್ದಾರೆ.