ಊಟಿಯಲ್ಲಿ ಹಿಮ ಬೀಳುತ್ತಾ?

"ಊಟಿಯಲ್ಲಿ ಹಿಮಪಾತ ಆಗ್ತಿದೆಯಂತೆ, ಈ ವಾರ ಹೋದರೆ ಬೀಳೋದನ್ನ ನೋಡಬಹುದಾ?"

ಡಿಸೆಂಬರ್ ಬಂದರೆ ಈ ಪ್ರಶ್ನೆಯೂ ಬರುತ್ತದೆ. ನೋಡಲು ಆಗುವುದಿಲ್ಲ, ಯಾಕೆಂದರೆ ಅಲ್ಲಿ ಏನೂ ಬೀಳುತ್ತಲೇ ಇಲ್ಲ. ಹುಲ್ಲಿನ ಮೇಲೆ ಬೆಳ್ಳಗೆ ಕಾಣುವುದು ಫ್ರಾಸ್ಟ್. ಹುಲ್ಲು ಸೊನ್ನೆ ಡಿಗ್ರಿಗಿಂತ ತಣ್ಣಗಾದಾಗ ಪಕ್ಕದ ಗಾಳಿಯಲ್ಲಿರುವ ನೀರಾವಿ, ನಡುವೆ ನೀರಾಗದೆ, ನೇರವಾಗಿ ಮಂಜುಗಡ್ಡೆಯ ಹರಳಾಗಿ ಅಲ್ಲೇ ಕೂರುತ್ತದೆ. ಹಳೇ ಫ್ರಿಜ್‌ನ ಫ್ರೀಜರ್ ಗೋಡೆಗೆ ಬೆಳ್ಳಗೆ ಕಟ್ಟುತ್ತದಲ್ಲ, ಅದೂ ಇದೇ. ನೋಡಬೇಕೆಂದರೆ ಬೆಳಗ್ಗೆ ಬೇಗ ಏಳಿ. ಬಿಸಿಲು ತಾಗಿದರೆ ಕರಗಿಹೋಗುತ್ತದೆ.

ಎಷ್ಟು ಹೇಳಿದರೂ "ಇಲ್ಲ, ಮೇಲಿಂದಲೇ ಬಿದ್ದಿದ್ದು" ಅನ್ನುವವರು ಇದ್ದೇ ಇದ್ದಾರೆ. ಟಿವಿಯಲ್ಲೂ ಹಿಮಪಾತ, ವಾಟ್ಸಾಪ್‌ನಲ್ಲೂ ಹಿಮಪಾತ. ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ.

ಹಿಮ ಬೀಳಬೇಕಾದರೆ ಮೋಡ ಬೇಕು. ಫ್ರಾಸ್ಟ್‌ಗೆ ಮೋಡವೇ ಶತ್ರು. ನೆಲ ತನ್ನ ಬಿಸಿಯನ್ನು ರಾತ್ರಿಯಿಡೀ ಆಕಾಶಕ್ಕೆ ಬಿಡುತ್ತಿರುತ್ತದೆ. ಮೋಡ ಕವಿದಿದ್ದರೆ ಒಂದಷ್ಟು ಬಿಸಿ ವಾಪಸ್ ಬರುತ್ತದೆ, ನೆಲ ಅಷ್ಟು ತಣ್ಣಗಾಗುವುದಿಲ್ಲ. ನಕ್ಷತ್ರಗಳು ಸ್ಪಷ್ಟವಾಗಿ ಕಾಣುವ, ಎಲೆ ಅಲುಗಾಡದ ರಾತ್ರಿಯ ಮರುದಿನವೇ ನೆಲ ಬೆಳ್ಳಗಾಗುವುದು.

ಮರದ ಕೆಳಗೆ ಬಗ್ಗಿ ನೋಡಿ. ಬಯಲಲ್ಲಿ ಬಿಳಿ, ಮರದಡಿ ಹಸಿರು. ಮರ ಹಿಮವನ್ನು ತಡೆದಿದ್ದರೆ ಕೊಂಬೆಗಳ ಮೇಲೆ ಅದು ರಾಶಿ ಬಿದ್ದಿರಬೇಕಿತ್ತು, ಅಲ್ವಾ? ಮರ ತಡೆದದ್ದು ನೆಲದಿಂದ ಹೊರಟ ಬಿಸಿಯನ್ನು.

ಇನ್ನು ದೊಡ್ಡಬೆಟ್ಟ. ಅದರ ಎತ್ತರ 2,637 ಮೀಟರ್, ಊಟಿ ಪಟ್ಟಣದ್ದು ಸುಮಾರು 2,240. ಹಿಮವಾಗಿದ್ದರೆ ಮೊದಲು ಬೆಟ್ಟದ ತಲೆ ಬೆಳ್ಳಗಾಗಬೇಕು. ಆದರೆ ಫ್ರಾಸ್ಟ್ ಜಾಸ್ತಿ ಕಟ್ಟುವುದು ತಲೈಕುಂದ, ಕಾಂತಲ್, ರೇಸ್‌ಕೋರ್ಸ್ ಮೈದಾನದಂಥ ತಗ್ಗುಗಳಲ್ಲಿ. ತಣ್ಣನೆಯ ಗಾಳಿ ಭಾರ. ಇಳಿಜಾರಿನಲ್ಲಿ ಮೆಲ್ಲಗೆ ಇಳಿದು ಬಂದು ತಗ್ಗಿನಲ್ಲೇ ನಿಲ್ಲುತ್ತದೆ.

"ಥರ್ಮಾಮೀಟರ್ 2 ಡಿಗ್ರಿ ಇತ್ತು, ಫ್ರಾಸ್ಟ್ ಹೇಗೆ?" ಅಂತಲೂ ಕೇಳುತ್ತಾರೆ. ಹವಾಮಾನ ಕೇಂದ್ರದ ಥರ್ಮಾಮೀಟರ್ ಇರುವುದು ನೆಲದಿಂದ ಸುಮಾರು ನಾಲ್ಕಡಿ ಮೇಲೆ. ಅಂಥ ರಾತ್ರಿ ಹುಲ್ಲು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ.

ಟೀ ತೋಟದವರ ಒಂದು ಉಪಾಯದ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಅಷ್ಟು ಚಳಿಯಲ್ಲಿ ಗಿಡಕ್ಕೆ ನೀರು ಸಿಂಪಡಿಸುವುದು ಯಾಕೆ? ನೀರು ಗಡ್ಡೆ ಕಟ್ಟುವಾಗ ಗ್ರಾಂಗೆ ಸುಮಾರು 80 ಕ್ಯಾಲರಿ ಬಿಸಿ ಹೊರಗೆ ಬಿಡುತ್ತದೆ. ಎಲೆಯ ಮೇಲೆ ನೀರು ಹೆಪ್ಪುಗಟ್ಟುತ್ತಲೇ ಇದ್ದರೆ ಎಲೆ ಸೊನ್ನೆಯ ಆಸುಪಾಸಿನಲ್ಲೇ ಉಳಿಯುತ್ತದೆ. ಎಲೆಯೊಳಗಿನ ರಸ ಹೆಪ್ಪುಗಟ್ಟಲು ಅದಕ್ಕಿಂತ ಜಾಸ್ತಿ ಚಳಿ ಬೇಕು, ಹಾಗಾಗಿ ಚಿಗುರು ಬದುಕುತ್ತದೆ. ನಡುರಾತ್ರಿ ನೀರು ನಿಲ್ಲಿಸಿದಿರೋ, ಕೆಟ್ಟಿತು. ಒದ್ದೆ ಎಲೆ ಆರುತ್ತಾ ಇನ್ನಷ್ಟು ತಣ್ಣಗಾಗಿ ಚಿಗುರು ಕರಟಿಹೋಗುತ್ತದೆ. ಬಿಸಿಲೇರಿ ಗಡ್ಡೆ ಕರಗುವವರೆಗೂ ಸ್ಪ್ರಿಂಕ್ಲರ್ ಓಡುತ್ತಲೇ ಇರಬೇಕು.